ದೇವರ ಗೂಡಿನ ಅಳತೆ

ಆ ಭಾನುವಾರ ನಾವಿಬ್ಬರೂ ಸಾಗರಕ್ಕೆ ಹೋಗಿದ್ದೆವು. ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆ. ಬೆಳಿಗ್ಗೆ ಆರೂವರೆಗೆ ಬಾಗಿಲು ಎಳೆದುಕೊಂಡು ಹೊರಟೆವು. ಹತ್ತನೆಯ ಕ್ಲಾಸಿನಲ್ಲಿದ್ದ ಮಗಳು ಪರೀಕ್ಷೆಗೆ ಓದಬೇಕೆಂದು ಮನೆಯಲ್ಲೇ ಉಳಿದಳು. ನನ್ನ ಹೆಂಡತಿ ಅವಳಿಗೆ ಹಾಲು ಕಾಯಿಸಿ ಮುಚ್ಚಿಡು ಎಂದು ಮೂರು ಸಲ ಹೇಳಿದಳು. ಮೂರನೆಯ ಸಲ ಬೀದಿಯ ತಿರುವಿನಿಂದ ಹಿಂದಕ್ಕೆ ನೋಡಿ ಕೂಗಿ ಹೇಳಿದಳು.

ಹೋಗಿದ್ದು ದೇವರ ಮಂಟಪ ಮಾಡಿಸುವುದಕ್ಕೆ. ಮನೆ ಕಟ್ಟಿದಾಗ ಮೇಸ್ತ್ರಿ ಅಡಿಗೆಮನೆಯ ಗೋಡೆಯಲ್ಲಿ ದೇವರಿಗೆಂದು ಒಂದು ಗೂಡು ಬಿಟ್ಟಿದ್ದ. ಏಳು ವರ್ಷ ಅದರಲ್ಲಿ ದೇವರ ಪಟಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಅಲ್ಲಿ ಮರದ ಮಂಟಪ ಇಡಬೇಕು, ಅದೂ ಸಾಗರದ ಗುಡಿಗಾರರ ಕೈಯಲ್ಲೇ ಮಾಡಿಸಬೇಕು ಎಂದು ಅವಳಿಗೆ ಆಸೆ. ಮರ ಕೆತ್ತುವುದೇ ಆ ಮನೆತನಗಳ ಕೆಲಸ. ನಾನು ಹೇಳಿದ್ದೆ, ನಾನೇ ಮಾಡ್ತೀನಿ, ನನ್ನ ಕೆಲಸವೂ ಮರದ್ದೇ ಅಲ್ಲವೇ ಎಂದು. ಅವಳು ಅದಕ್ಕೆ, "ಏಳು ವರ್ಷದಿಂದ ಮಾಡ್ತಾನೇ ಇದೀರಲ್ಲ" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದೆ. ಎರಕ ಹೊಯ್ಯಬೇಕಾದ ಪ್ರತಿ ವಸ್ತುವಿಗೂ ಮೊದಲು ಮರದಲ್ಲಿ ಮಾದರಿ ಆಗಬೇಕು. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ, ತೆಗೆದು, ಉಳಿದ ಗುಳಿಗೆ ಕರಗಿದ ಉಕ್ಕು ಸುರಿಯುತ್ತಾರೆ. ಗಾಲಿ, ಹಲ್ಲುಚಕ್ರ, ಪೈಪಿನ ಕತ್ತು, ಏನೇ ಇರಲಿ, ಮೊದಲು ನಮ್ಮ ಟೇಬಲ್ಲಿನ ಮೇಲೆ ಮರದಲ್ಲಿ ಹುಟ್ಟುತ್ತಿತ್ತು. ಐಟಿಐ ಮುಗಿಸಿ ಸೇರಿದವನು ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೆ. ನಮ್ಮಲ್ಲಿ ಎಲ್ಲದಕ್ಕೂ ಅಳತೆ ಮುಖ್ಯ.

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವಳಿಗೆ ಚಟ್ನಿ ಖಾರ ಎನಿಸಿತು. ಸಕ್ಕರೆ ಕೇಳಿ ಹಾಕಿಸಿಕೊಂಡಳು. ಸಾಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆಯನೂರು, ಕುಂಸಿ, ಆನಂದಪುರ ಎಂದು ಬೋರ್ಡುಗಳನ್ನು ಓದುತ್ತ ಬಂದಳು. ಅವಳ ತವರು ಹೊಳಲೂರು, ಶಿವಮೊಗ್ಗದ ಇನ್ನೊಂದು ದಿಕ್ಕಿನಲ್ಲಿ. ಈ ರಸ್ತೆಯಲ್ಲಿ ಅವಳು ಅದುವರೆಗೆ ಬಂದಿರಲಿಲ್ಲ. ಮನೆಯಲ್ಲಿ ಕೂತು ಸಾಗರದ ಕೆತ್ತನೆ, ಸಾಗರದ ಕೆತ್ತನೆ ಎನ್ನುತ್ತಿದ್ದವಳು ಸಾಗರವನ್ನೇ ನೋಡಿರಲಿಲ್ಲ.

ಕೇಳಿಕೊಂಡು ಹೋದ ಮನೆ ಒಂದು ಓಣಿಯಲ್ಲಿತ್ತು. ಓಣಿಯ ಬಾಯಲ್ಲೇ ಕೊಡತಿಯ ಸದ್ದು ಕೇಳುತ್ತಿತ್ತು. ಹೊರಜಗುಲಿಯಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕೂತು ಗಿಡದ ಬಿಳಿ ಬೆಂಡನ್ನು ಹಾಳೆಯಂತೆ ತೆಳ್ಳಗೆ ಸೀಳುತ್ತಿದ್ದಳು. ಮದುವೆಗೆ ಹಣೆಗೆ ಕಟ್ಟುವ ಬಾಸಿಂಗಕ್ಕೆ. ಒಳಗೆ ಅವಳ ಮಗ, ಐವತ್ತು ದಾಟಿದವರು, ಚಕ್ಕಳಮಕ್ಕಳ ಹಾಕಿ ಕೂತು ಒಂದು ಹಲಗೆಯಲ್ಲಿ ಬಳ್ಳಿ ಬಿಡಿಸುತ್ತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಆ ಬದಿಗೆ ದಾರ ಕಟ್ಟಿತ್ತು.

"ಶಿವನಿ ಮರದಲ್ಲಿ ಮಾಡಿಕೊಡ್ತೀನಿ ಸಾರ್" ಎಂದರು ಅವರು. "ಗಂಧದ ಮಾತು ಬಿಡಿ. ಗಂಧದಲ್ಲಿ ಅಂದ್ರೆ ಮಂಟಪ ಬರಲ್ಲ, ಬೆರಳಷ್ಟುದ್ದ ಗಣಪತಿ ಬರ್ತಾನೆ."

"ಶಿವನಿಗೆ ಹುಳ ಹಿಡಿಯಲ್ವ?" ಎಂದು ನನ್ನ ಹೆಂಡತಿ ಕೇಳಿದಳು.

"ಹುಳ ಹಿಡಿದ್ರೆ ಬಂದು ನನ್ನ ಹಿಡ್ಕಳಿ ಅಕ್ಕ."

ಜಗುಲಿಯಿಂದ ಮುದುಕಿ ಅಂದಳು, "ಅವನನ್ನ ಹಿಡ್ಕಂಡು ಎಂತ ಮಾಡ್ತೀಯೇ ಮಾರಾಯ್ತಿ? ಐವತ್ತು ವರ್ಷದಿಂದ ನಾನೇ ಹಿಡ್ಕಂಡಿದೀನಿ, ಎಂತ ಪ್ರಯೋಜನ ಆಗಿಲ್ಲ."

ಹೆಂಡತಿ ನಕ್ಕಳು. ಜೋರಾಗಿಯೇ ನಕ್ಕಳು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದಾದ ಸ್ವಲ್ಪ ಹೊತ್ತಿಗೇ ನಾನು ಆ ಮಾತು ಆಡಿದ್ದು.

ಮಂಟಪಕ್ಕೆ ಎರಡು ಕಂಬ, ಮೇಲೆ ಸಣ್ಣ ಗೋಪುರ, ಕೆಳಗೆ ಬತ್ತಿ, ಕುಂಕುಮ ಇಡಲು ಒಂದು ಡ್ರಾಯರು. ಎತ್ತರದ ಚಿಂತೆ ಇರಲಿಲ್ಲ, ಗೂಡಿನ ಮೇಲ್ಗಡೆ ಬೇಕಾದಷ್ಟು ಜಾಗ ಇತ್ತು. ಅಗಲ ಮಾತ್ರ ಸರಿಯಾಗಿ ಕೂರಬೇಕು ಎಂದು ಅವಳು ಹೇಳಿದಳು. "ಎರಡು ಕಡೇನೂ ಗೋಡೆಗೆ ಮುಟ್ಟಬೇಕು. ಸಂದು ಬಿಟ್ರೆ ಹೂವು, ಅಕ್ಷತೆ ಎಲ್ಲ ಒಳಗೆ ಬೀಳ್ತಾವೆ, ಜಿರಳೆ ಸೇರ್ತಾವೆ. ಆಮೇಲೆ ಮಂಟಪ ತೆಗೆದು ಗುಡಿಸೋಕೆ ನನ್ನ ಕೈಲಾಗಲ್ಲ."

"ಅಳತೆ ತಂದಿದೀರ?"

ನಾನು ಜೇಬಿನಿಂದ ಚೀಟಿ ತೆಗೆದುಕೊಟ್ಟೆ. ಅಗಲ ಇಪ್ಪತ್ತನಾಲ್ಕು ಇಂಚು, ಆಳ ಹನ್ನೆರಡು. ಹಿಂದಿನ ದಿನ ಶಿಫ್ಟಿನಿಂದ ಬಂದವನೇ ಚೀಲದಲ್ಲಿದ್ದ ಸ್ಕೇಲು ತೆಗೆದು ಅಳೆದು ಬರೆದುಕೊಂಡಿದ್ದೆ. ಗೂಡು ಸರಿಯಾಗಿ ಎರಡು ಅಡಿ ಬಂದಿತ್ತು, ಒಂದು ಗೆರೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಮೇಸ್ತ್ರಿ ಒಳ್ಳೆಯವನು ಎಂದುಕೊಂಡಿದ್ದೆ.

ಅಷ್ಟರಲ್ಲಿ ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ದಾರ ತೆಗೆದಳು. ಹೂ ಕಟ್ಟುವ ಬಿಳಿ ದಾರ. ಅದರಲ್ಲಿ ಎರಡು ಗಂಟು. ತುದಿಯಿಂದ ಮೊದಲ ಗಂಟಿನವರೆಗೆ ಆಳ, ಎರಡನೆಯ ಗಂಟಿನವರೆಗೆ ಅಗಲ.

"ಇದೇನೇ ಇದು?" ಎಂದೆ.

"ನಾನೂ ಒಂದು ಅಳತೆ ತಂದಿದೀನಿ. ಇರ್ಲಿ ಅಂತ."

ಗುಡಿಗಾರರು ದಾರವನ್ನು ತಮ್ಮ ಸ್ಕೇಲಿನ ಮೇಲೆ ಮಲಗಿಸಿ ನೋಡಿದರು. "ಅಕ್ಕನ ದಾರ ಅರ್ಧ ಇಂಚು ಜಾಸ್ತಿ ಹೇಳ್ತದಲ್ಲ ಸಾರ್. ಎರಡರಲ್ಲಿ ಯಾವುದು ಹಿಡೀಲಿ?"

"ದಾರ ಎಳೆದಷ್ಟೂ ಬರ್ತದೆ" ಎಂದೆ ನಾನು. "ಹೂ ಕಟ್ಟೋ ದಾರದಲ್ಲಿ ಅಳೆಯೋ ಹಾಗಿದ್ರೆ ನಮ್ಮ ಫ್ಯಾಕ್ಟರೀಲಿ ಸ್ಕೇಲಿನ ಬದಲು ಎಲ್ಲರಿಗೂ ಒಂದೊಂದು ಮಲ್ಲಿಗೆ ದಂಡೆ ಕೊಡ್ತಿದ್ರು."

ಗುಡಿಗಾರರು ನಕ್ಕರು. ಜಗುಲಿಯಲ್ಲಿ ಮುದುಕಿಯೂ ನಕ್ಕಳು. ನನಗೆ ಉಮೇದು ಬಂತು.

"ನಾನು ಎಳೆದಿಲ್ಲ ರೀ. ಗೋಡೆಗೆ ಮುಟ್ಟಿಸಿಯೇ ಗಂಟು ಹಾಕಿದ್ದು."

"ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಮಾರಾಯ್ತಿ. ನೀನು ಸುಮ್ನಿರು."

ಅವಳು ದಾರವನ್ನು ಎರಡು ಬೆರಳಿಗೆ ಸುತ್ತಿ, ಸೆರಗಿನ ತುದಿಗೆ ಮತ್ತೆ ಗಂಟು ಹಾಕಿಕೊಂಡು ಜಗುಲಿಗೆ ಹೋಗಿ ಮುದುಕಿಯ ಹತ್ತಿರ ಕೂತಳು. ನಾನು ಗುಡಿಗಾರರ ಜೊತೆ ಮರದ ವಿಷಯ ಮಾತಾಡುತ್ತ ಒಂದು ಗಂಟೆ ಕಳೆದೆ. ಮರ ಒಣಗಿಸುವುದು, ಉಳಿ ಮಸೆಯುವುದು, ಎಲ್ಲ. ಆ ಒಂದು ಗಂಟೆ ನನಗೆ ಬಹಳ ಖುಷಿಯಾಗಿತ್ತು. ಹೊರಡುವಾಗ ಮಂಟಪ ಎರಡು ತಿಂಗಳಿಗೆ ಆಗುತ್ತದೆ, ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆ ಎಂದರು.

ಬರುವಾಗ ಬಸ್ಸಿನಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. ನಾನು ಆನಂದಪುರ ದಾಟಿದ ಮೇಲೆ ನಿದ್ದೆ ಮಾಡಿದೆ. ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಹೊಳಲೂರಿನ ಬಸ್ಸು ನಿಂತಿತ್ತು. ಅದನ್ನು ನೋಡಿ, "ಮುಂದಿನ ವಾರ ಅಮ್ಮನ್ನ ನೋಡ್ಕೊಂಡು ಬರ್ಬೇಕು" ಎಂದಳು. ನಾನು, "ನೋಡೋಣ" ಎಂದೆ. ಮನೆಗೆ ಬಂದಾಗ ಐದು ಗಂಟೆ. ಹಾಲು ಒಡೆದಿತ್ತು. ಮಗಳಿಗೆ ಬೈದಳು. ಅನ್ನಕ್ಕಿಟ್ಟು ತಿಳಿಸಾರು ಮಾಡಿದಳು. ನನ್ನ ತಟ್ಟೆಗೆ ಬಡಿಸುವಾಗ ಏನಾದರೂ ಹೇಳಿದಳೋ ಇಲ್ಲವೋ ನೆನಪಿಲ್ಲ. ನೆನಪಿಟ್ಟುಕೊಳ್ಳಬೇಕಾದ ದಿನ ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ನನಗೆ ಫಸ್ಟ್ ಶಿಫ್ಟ್. ಅವಳು ಎದ್ದು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿ ಕೊಟ್ಟಳು. ಹತ್ತು ಗಂಟೆಗೆ ನಾನು ಅದನ್ನು ತಿಂದು ಡಬ್ಬಿ ತೊಳೆದು ಇಟ್ಟೆ. ಹನ್ನೊಂದಕ್ಕೆ ಗೇಟಿನಿಂದ ಕರೆ ಬಂತು. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು ಕಲ್ಲಿನ ಮೇಲೆ ಹಾಗೇ ಒರಗಿದ್ದಳಂತೆ. ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಶಿವಮೊಗ್ಗಕ್ಕೆ. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಯಾರೂ ಏನೂ ಮಾಡುವ ಹಾಗಿರಲಿಲ್ಲ, ಅದನ್ನು ಅವರು ಸಮಾಧಾನವಾಗಿ ಕೂರಿಸಿ ಹೇಳಿದರು. ಅವಳಿಗೆ ಮತ್ತೆ ಎಚ್ಚರ ಬರಲಿಲ್ಲ. ಬುಧವಾರ ಮಧ್ಯಾಹ್ನ ಹೋದಳು. ಮೂವತ್ತೊಂಬತ್ತು ವರ್ಷ.

ನಾನು ಅಳಲಿಲ್ಲ. ಜನ ಅದನ್ನು ಗಮನಿಸಿದರು. ಕಾಗದನಗರದಲ್ಲಿದ್ದ ಅವಳ ಅಕ್ಕ ಎಲ್ಲ ನೋಡಿಕೊಂಡರು. ಅಡಿಗೆ, ಬಂದವರು, ಹೋದವರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವಳ ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿ, ನೆಂಟರ ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. "ಇದು ಯಾರಿಗೆ ಕೊಡ್ಲಿ?" ಎಂದು ನನ್ನನ್ನೂ ಕೇಳುತ್ತಿದ್ದರು. ನಾನು, "ನೀವೇ ನೋಡಿ" ಎನ್ನುತ್ತಿದ್ದೆ. ಸಾಗರಕ್ಕೆ ಉಟ್ಟುಕೊಂಡಿದ್ದ ಹಸಿರು ಸೀರೆಯೂ ಅದರಲ್ಲಿತ್ತು. ಅದು ನನ್ನ ಕಣ್ಣ ಮುಂದೆಯೇ ಒಂದು ಬ್ಯಾಗಿನೊಳಗೆ ಹೋಯಿತು. ಯಾರ ಬ್ಯಾಗು ಎಂದು ನೋಡಲಿಲ್ಲ.

ಮಗಳು ಪರೀಕ್ಷೆ ಬರೆದಳು, ಪಾಸಾದಳು. ನಾನು ಕೆಲಸಕ್ಕೆ ಹೋದೆ. ಅಳತೆ ತಪ್ಪಲಿಲ್ಲ.

ಎರಡು ತಿಂಗಳಾದ ಮೇಲೆ ಸಾಗರದಿಂದ ಒಂದು ಕಾರ್ಡು ಬಂತು, ಮಂಟಪ ಗುರುವಾರ ಬರುತ್ತದೆ ಎಂದು. ಹೋಗಿ ಇಳಿಸಿಕೊಂಡೆ. ಗೋಣಿಚೀಲ ಸುತ್ತಿ, ಒಳಗೆ ಹುಲ್ಲು ತುಂಬಿ ಭದ್ರವಾಗಿ ಕಟ್ಟಿದ್ದರು. ಅವಳ ಅಕ್ಕ, "ವರ್ಷ ಆಗೋ ತನಕ ಹೊಸ ಮಂಟಪ ಇಡೋ ಹಾಗಿಲ್ಲ, ಬಿಚ್ಚಬೇಡಿ" ಎಂದರು. ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದೆವು. ಮೊದಲು ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದೆವು. ಆಮೇಲೆ ಮಗಳು ಕಾಲೇಜಿನ ಬ್ಯಾಗನ್ನು ಅದರ ಮೇಲೆ ಇಡತೊಡಗಿದಳು. ನಾನು ಪೇಪರು ಇಡತೊಡಗಿದೆ. ಒಳಗೆ ಏನಿದೆ ಎಂಬುದು ಮರೆತು ಅದೊಂದು ಟೇಬಲ್ಲಿನ ಹಾಗಾಯಿತು.

ವರ್ಷಾಬ್ದಿಕ ಮುಗಿದ ಮುಂದಿನ ವಾರ ಚೀಲ ಬಿಚ್ಚಿದೆವು. ಮಗಳು, "ಎಷ್ಟ್ ಚೆನ್ನಾಗಿದೆ ಅಲ್ವ ಅಪ್ಪ" ಎಂದಳು. ಕಂಬದ ಮೇಲೆ ಬಳ್ಳಿ ಸುತ್ತಿತ್ತು. ಡ್ರಾಯರಿನ ಹಿಡಿಗೆ ಒಂದು ಮೊಗ್ಗು ಕೆತ್ತಿದ್ದರು. ನಾನು ನೋಡಿದ್ದು ಮರಕ್ಕೆ ಮರ ಸೇರುವ ಕೂಡುಗಳನ್ನು. ಒಳ್ಳೆಯ ಕೂಡುಗಳು. ಇಬ್ಬರೂ ಎತ್ತಿ ಗೂಡಿನೊಳಗೆ ಸರಿಸಿದೆವು. ಅದು ಸಲೀಸಾಗಿ ಒಳಗೆ ಹೋಯಿತು. ಅಷ್ಟು ಸಲೀಸಾಗಿ ಹೋಗಬಾರದಿತ್ತು. ಎಡಗೋಡೆಗೆ ಒತ್ತಿದರೆ ಬಲಗಡೆ ಸಂದು, ಬಲಗಡೆ ಒತ್ತಿದರೆ ಎಡಕ್ಕೆ.

"ಇದರಲ್ಲಿ ಬೆಂಕಿಪೊಟ್ಟಣ ನಿಲ್ಲಿಸಬಹುದು" ಎಂದು ಮಗಳು ನಿಲ್ಲಿಸಿ ತೋರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅದನ್ನು ತೆಗೆದು, "ಅಮ್ಮ ಸಂದು ಇರಬಾರದು ಅಂದಿದ್ಲು" ಎಂದಳು.

ಸ್ಕೇಲು ತಂದು ಅಳೆದೆ. ಗೂಡು ಇಪ್ಪತ್ತನಾಲ್ಕು ಇಂಚು. ಮಂಟಪ ಇಪ್ಪತ್ತಮೂರೂವರೆ. ಗುಡಿಗಾರರು ಅರ್ಧ ಇಂಚು ಕಡಿಮೆ ಕೊಯ್ದಿದ್ದರು. ನನಗೆ ಸಿಟ್ಟು ಬಂತು. ಆ ಒಂದು ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಅವಳು ಕೇಳಿದ್ದು ಒಂದೇ ಒಂದು, ಸಂದು ಇರಬಾರದು ಎಂದು. ಅದನ್ನೂ ಕೆಡಿಸಿದರಲ್ಲ ಎಂದು.

ಮುಂದಿನ ಭಾನುವಾರ ಸ್ಕೇಲನ್ನು ಪೇಪರಿನಲ್ಲಿ ಸುತ್ತಿಕೊಂಡು ಒಬ್ಬನೇ ಸಾಗರಕ್ಕೆ ಹೊರಟೆ. ಶಿವಮೊಗ್ಗದಲ್ಲಿ ಇಳಿದು ಅದೇ ಹೋಟೆಲಿಗೆ ಹೋಗಿ ಇಡ್ಲಿ ತಿಂದೆ. ಬೇರೆ ಎಲ್ಲಿಗೆ ಹೋಗಬೇಕೆಂದು ಹೊಳೆಯಲಿಲ್ಲ. ಬಸ್ಸಿನಲ್ಲಿ ಏನೇನು ಮಾತಾಡಬೇಕೆಂದು ಜೋಡಿಸಿಕೊಂಡೆ. ನಿಮ್ಮ ಹೆಸರು ಕೇಳಿ ಅಷ್ಟು ದೂರದಿಂದ ಬಂದಿದ್ದು, ಬರೆದುಕೊಟ್ಟ ಅಳತೆಯನ್ನೂ ನೋಡದೆ ಮಾಡಿದರೆ ಹೇಗೆ, ಹೀಗೆ.

ಜಗುಲಿಯಲ್ಲಿ ಮುದುಕಿ ಅದೇ ಜಾಗದಲ್ಲಿ ಕಾಲು ಚಾಚಿ ಕೂತಿದ್ದಳು. ನನ್ನ ಗುರುತು ಹಿಡಿದಳು.

"ಭದ್ರಾವತಿಯೋರಲ್ವನ? ಒಬ್ರೇ ಬಂದ್ರ? ಅವಳು ಬರ್ಲಿಲ್ವ?"

"ಇಲ್ಲ" ಎಂದೆ.

"ಮಗಳಿಗೆ ಪರೀಕ್ಷೆಯ?"

"ಹ್ಞೂಂ."

"ಹೋಗುವಾಗ ನನ್ನ ಕರೀರಿ. ಅವಳಿಗೆ ಒಂದು ಬೆಂಡಿನ ಹೂ ಮಾಡಿಕೊಡ್ತೀನಿ ಅಂದಿದ್ದೆ. ಅವತ್ತು ಮುಗೀಲೇ ಇಲ್ಲ, ನೀವು ಬಸ್ಸು ಬಸ್ಸು ಅಂತ ಎಬ್ಬಿಸಿಕೊಂಡು ಹೋದ್ರಿ."

ಹೇಳಬೇಕಿತ್ತು. ಹೇಳಲು ಒಂದೇ ವಾಕ್ಯ ಸಾಕಾಗಿತ್ತು. ಆ ವಾಕ್ಯವನ್ನು ಒಂದು ವರ್ಷದಲ್ಲಿ ಎಷ್ಟೋ ಜನರಿಗೆ ಹೇಳಿದ್ದೆ, ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ. ಅಲ್ಲಿ ಆ ಮುದುಕಿಯ ಮಟ್ಟಿಗೆ ಅವಳು ಇನ್ನೂ ಭದ್ರಾವತಿಯಲ್ಲಿ ಮಗಳ ಪರೀಕ್ಷೆಗೆಂದು ಮನೆಯಲ್ಲಿ ಉಳಿದಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಗುಡಿಗಾರರು ನನ್ನ ಮಾತನ್ನು ಪೂರ್ತಿ ಕೇಳಿದರು. ಕೈಯಲ್ಲಿದ್ದ ಉಳಿ ಕೆಳಗಿಡಲಿಲ್ಲ.

"ನನ್ನ ಕೈ ಅರ್ಧ ಇಂಚು ತಪ್ಪಲ್ಲ ಸಾರ್. ಅರ್ಧ ಕೂದಲು ಅಂದಿದ್ರೆ ಒಪ್ಕಳ್ತಿದ್ದೆ." ಗೋಡೆಯ ಮೊಳೆಗೆ ಚುಚ್ಚಿದ್ದ ಚೀಟಿಗಳ ಕಂತೆಯಿಂದ ಒಂದನ್ನು ಕಿತ್ತು ಕೊಟ್ಟರು. "ನಿಮ್ಮ ಅಕ್ಷರವೇ ಅಲ್ವ?"

ನನ್ನ ಅಕ್ಷರವೇ. ಇಪ್ಪತ್ತನಾಲ್ಕು.

"ನಾನು ಅಳೆದು ನೋಡಿಯೇ ಬಂದಿದ್ದು" ಎಂದು ಪೇಪರು ಬಿಚ್ಚಿ ಸ್ಕೇಲನ್ನು ಅವರ ಹಲಗೆಯ ಮೇಲಿಟ್ಟೆ. ಎರಡು ಅಡಿಯ ಉಕ್ಕಿನ ಸ್ಕೇಲು. ರಿಟೈರಾಗುವಾಗ ಹಿರಿಯರೊಬ್ಬರು ನನಗೆ ಕೊಟ್ಟುಹೋದದ್ದು. ಶಾಪಿನಲ್ಲಿಯೂ ಮನೆಯಲ್ಲಿಯೂ ನನಗೆ ಅದೊಂದೇ ಸ್ಕೇಲು.

ಅವರು ತಮ್ಮ ಸ್ಕೇಲನ್ನು ತಂದು ಅದರ ಪಕ್ಕದಲ್ಲಿಟ್ಟರು. ಎರಡರ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದರು. ಮೊದಲ ಇಂಚಿನಲ್ಲಿ ಏನೂ ಕಾಣಲಿಲ್ಲ. ಆರನೆಯ ಇಂಚಿನಲ್ಲಿ ಗೆರೆಗಳು ಒಂದರ ಎದುರು ಒಂದು ನಿಲ್ಲಲಿಲ್ಲ. ಹನ್ನೆರಡಕ್ಕೆ ಬಂದಾಗ ಕಾಲು ಇಂಚು ಹಿಂದೆ ಮುಂದೆ. ಕೊನೆಯಲ್ಲಿ ನನ್ನ ಇಪ್ಪತ್ತನಾಲ್ಕು ಅವರ ಇಪ್ಪತ್ತನಾಲ್ಕನ್ನು ದಾಟಿ ಅರ್ಧ ಇಂಚು ಆಚೆ ಇತ್ತು.

"ನಿಮ್ಮ ಅಡಿ ನಮ್ಮ ಅಡಿಗಿಂತ ದೊಡ್ಡದಿದೆಯಲ್ಲ ಸಾರ್" ಎಂದರು.

ನನಗೆ ಅದು ಗೊತ್ತಿತ್ತು. ಇಪ್ಪತ್ತೊಂದು ವರ್ಷದಿಂದ ಗೊತ್ತಿತ್ತು. ಕರಗಿದ ಉಕ್ಕು ಆರುವಾಗ ಕುಗ್ಗುತ್ತದೆ, ಒಂದು ಅಡಿಗೆ ಕಾಲು ಇಂಚು. ಹಾಗಾಗಿ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಕಷ್ಟ ಬೇಡವೆಂದು ಪ್ಯಾಟರ್ನ್ ಶಾಪಿನ ಸ್ಕೇಲುಗಳಲ್ಲೇ ಗೆರೆಗಳನ್ನು ಅಷ್ಟಷ್ಟು ದೂರ ದೂರ ಹಾಕಿರುತ್ತಾರೆ. ಕಾಂಟ್ರಾಕ್ಷನ್ ಸ್ಕೇಲು ಎನ್ನುತ್ತೇವೆ. ಅದರ ತುದಿಯಲ್ಲಿ ಅದನ್ನು ಕೆತ್ತಿಯೂ ಇರುತ್ತಾರೆ, ನನ್ನದರಲ್ಲಿ ಅದು ಸವೆದುಹೋಗಿತ್ತು. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನ ನಾನೇ ಹೇಳಿಕೊಡುತ್ತಿದ್ದೆ, ಈ ಸ್ಕೇಲಿನಲ್ಲಿ ಮನೆಯ ಕಿಟಕಿ ಅಳೆದೀರಿ ಜೋಕೆ ಎಂದು. ಅವರು ನಗುತ್ತಿದ್ದರು.

ಇದನ್ನು ಗುಡಿಗಾರರಿಗೆ ಹೇಳಿದೆ. ಅವರು ಉಳಿಯನ್ನು ಕೆಳಗಿಟ್ಟರು.

"ಅಂದ್ರೆ ದೇವರ ಗೂಡು ಆರಿದ ಮೇಲೆ ಕುಗ್ಗುತ್ತೆ ಅಂತ ಲೆಕ್ಕ ಹಿಡಿದ್ರಿ ನೀವು!" ಎಂದು ಜೋರಾಗಿ ನಕ್ಕರು. ನಾನು ನಗದೆ ಇದ್ದದ್ದು ನೋಡಿ ನಿಲ್ಲಿಸಿದರು. ಸಮಾಧಾನ ಮಾಡುವವರಂತೆ, "ಆಗ್ತದೆ ಸಾರ್. ಕೈಗೆ ಬಂದ ಸ್ಕೇಲು ಹಿಡಿದಿರ್ತೀರಿ. ಅವತ್ತೇ ನನಗೊಂಚೂರು ಅನುಮಾನ ಬಂದಿತ್ತು. ಅಕ್ಕನ ದಾರ ಇಪ್ಪತ್ತನಾಲ್ಕೂವರೆ ಹೇಳಿತ್ತಲ್ಲ. ಆದ್ರೆ ಫ್ಯಾಕ್ಟರಿಯೋರು ನೀವು ಅಷ್ಟು ಗಟ್ಟಿಯಾಗಿ ಹೇಳುವಾಗ ನಾನೆಂತ ಹೇಳೋದು" ಎಂದರು.

ನಾನು ಸ್ಕೇಲನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದೆ.

"ಈಗ ಹೋಗಿ ಅಕ್ಕಂಗೆ ಹೇಳಿ, ಗೆದ್ದಿದ್ದು ನೀನೇ ಅಂತ. ಒಂದು ವಾರ ನಿಮಗೆ ಅನ್ನ ಹಾಕೋದಿಲ್ಲ ನೋಡಿ."

"ಹೇಳ್ತೀನಿ" ಎಂದೆ.

ಅವರು ಶಿವನಿ ಮರದ ತುಂಡೊಂದನ್ನು ಹುಡುಕಿ, ಕೂತಲ್ಲೇ ಎರಡು ತೆಳ್ಳನೆಯ ಪಟ್ಟಿ ಸೀಳಿ, ತೋಪಡದಿಂದ ಕಾಲು ಇಂಚಿಗೆ ಹೆರೆದು ಕೊಟ್ಟರು. ಎರಡು ಪಕ್ಕಕ್ಕೂ ಒಂದೊಂದು ಅಂಟಿಸಿದರೆ ಗೊತ್ತೇ ಆಗುವುದಿಲ್ಲ, ನಿಮಗೆ ಹೇಳಿಕೊಡಬೇಕೇ ಎಂದರು. ಪಟ್ಟಿಯ ಅಂಚಿಗೆ ಮಂಟಪದ ಕಂಬದಲ್ಲಿರುವಂಥದೇ ಒಂದು ಗೀರು ಎಳೆದರು. ಅದನ್ನು ನೋಡದೆ ನೆನಪಿನಿಂದಲೇ ಎಳೆದರು.

ಹೊರಗೆ ಮುದುಕಿ ಹೂವನ್ನು ಮುಗಿಸಿ ಕಾಯುತ್ತಿದ್ದಳು. ಸೇವಂತಿಗೆಯಂತೆ ಎಸಳೆಸಳಾಗಿ ಮಾಡಿದ ಬಿಳಿ ಹೂ. ಕೈಯಲ್ಲಿಟ್ಟರೆ ಭಾರವೇ ಇಲ್ಲ. "ನೀರು ತಾಗಿಸ್ಬೇಡಿ. ಅವಳಿಗೆ ಹೇಳಿ, ಮುಂದಿನ ಸಲ ಬಂದಾಗ ಹೇಗೆ ಸೀಳೋದು ಅಂತ ಕಲಿಸ್ತೀನಿ ಅಂತ. ಅವತ್ತು ಕೇಳ್ತಿದ್ಲು."

"ಬೇರೆ ಏನಾದ್ರೂ ಹೇಳಿದ್ಲಾ ಅವತ್ತು?" ಎಂದು ಕೇಳಿದೆ.

ಮುದುಕಿ ಯೋಚನೆ ಮಾಡಿದಳು. "ಎಂತ ಹೇಳ್ತಾಳೆ? ಮಗಳ ಸುದ್ದಿ. ಬೆಂಡು ಎಲ್ಲಿಂದ ತರ್ತೀರಿ ಅಂದ್ಲು. ಹೊಳಲೂರಿನ ಹೊಳೆ ಸುದ್ದಿ ಹೇಳಿದ್ಲು. ನೆನಪಿಲ್ಲ ಮಾರಾಯ, ವರ್ಷ ಆಯ್ತಲ್ಲ."

ಹೂವನ್ನು ಪೇಪರಿನ ಪೊಟ್ಟಣದಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಬಂದೆ. ಸ್ಕೇಲು ಕಾಲಿನ ಹತ್ತಿರ ಇತ್ತು. ನಿದ್ದೆ ಬರಲಿಲ್ಲ. ಆಯನೂರಿನಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಪೊಟ್ಟಣ ನೋಡಿ, "ಬಾಸಿಂಗನ? ಯಾರ ಮದುವೆ?" ಎಂದರು. "ಯಾರದ್ದೂ ಇಲ್ಲ" ಎಂದೆ.

ಮನೆಗೆ ಬಂದು ಅವತ್ತೇ ಪಟ್ಟಿಗಳನ್ನು ಅಂಟಿಸಿದೆ. ಅರ್ಧ ಗಂಟೆಯ ಕೆಲಸ. ಮಗಳು ದೀಪದ ಕಂಬ ತೊಳೆಯುತ್ತಿದ್ದಳು.

"ಅಳತೆ ನಂದೇ ತಪ್ಪು" ಎಂದೆ. "ನಿಮ್ಮಮ್ಮಂದು ಸರಿ ಇತ್ತು."

"ದಾರದ್ದಾ?"

ನಾನು ಅವಳನ್ನು ನೋಡಿದೆ. ದಾರದ ವಿಷಯ ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

"ನಾನೇ ಅಲ್ವ ಅಪ್ಪ ಆ ಕಡೆ ತುದಿ ಹಿಡ್ಕೊಂಡಿದ್ದು. ಶನಿವಾರ ನೀನು ಬರೋಕೆ ಮುಂಚೆ. ಎಳೀಬೇಡ ಕಣೇ, ಗೋಡೆಗೆ ಮುಟ್ಟಿಸು ಸಾಕು, ಎಳೆದ್ರೆ ನಿಮ್ಮಪ್ಪ ಬೈತಾರೆ ಅಂತಿದ್ಲು." ಸ್ವಲ್ಪ ಹೊತ್ತು ಕಂಬ ಉಜ್ಜಿ ಆಮೇಲೆ ಕೇಳಿದಳು, "ಆ ದಾರ ಎಲ್ಲಿದೆ?"

ಅವತ್ತಿನಿಂದ ಹುಡುಕಿದೆವು. ಹೂವಿನ ಬುಟ್ಟಿಯಲ್ಲಿ, ಅವಳ ಪರ್ಸಿನಲ್ಲಿ, ಪಿನ್ನು, ಗುಂಡಿ ಹಾಕಿಡುತ್ತಿದ್ದ ಹಾರ್ಲಿಕ್ಸ್ ಬಾಟಲಿಯಲ್ಲಿ ನೋಡಿದೆವು. ಕಾಗದನಗರಕ್ಕೆ ಹೋಗಿ ಅವಳ ಅಕ್ಕನನ್ನು ಕೇಳಿದೆ, ಹಸಿರು ಸೀರೆ ಯಾರಿಗೆ ಹೋಯಿತು ಎಂದು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಹೊಳಲೂರಿನಲ್ಲಿರುವ ತಮ್ಮನ ಹೆಂಡತಿಗೆ ಎಂದರು. ಅಲ್ಲಿಗೂ ಹೋದೆ. ಆ ಹೆಣ್ಣುಮಗಳು ಟ್ರಂಕಿನಿಂದ ಸೀರೆ ತೆಗೆದು ಬಿಡಿಸಿ ತೋರಿಸಿದಳು. ಎಷ್ಟೋ ಸಲ ಒಗೆದು ಬಣ್ಣ ಬಿಟ್ಟಿತ್ತು. ಸೆರಗಿನ ತುದಿಯಲ್ಲಿ ಗಂಟು ಇರಲಿಲ್ಲ.

"ಏನೋ ಒಂದು ದಾರದ ಉಂಡೆ ಇತ್ತೇನೋ ಅಣ್ಣ" ಎಂದಳು. "ಮೊದಲ ಸಲ ನೆನೆಸುವಾಗ ಗಂಟು ಬಿಚ್ಚಿದ್ದೆ. ಎಸೆದೆನೋ, ಹೂ ಕಟ್ಟೋಕೆ ತಗೊಂಡೆನೋ. ಬೇಕಾಗಿತ್ತ?"

"ಹಾಗೇನಿಲ್ಲ" ಎಂದೆ. ನನ್ನ ಅತ್ತೆಯನ್ನು ಮಾತಾಡಿಸಿಕೊಂಡು, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ರಿಟೈರಾಗುವ ತನಕ ಅದೇ ಸ್ಕೇಲಿನಲ್ಲಿ ಕೆಲಸ ಮಾಡಿದೆ. ಮನೆಗೆ ಬೇರೆ ಟೇಪು ತಂದಿಟ್ಟೆ. ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ. ಮಂಟಪಕ್ಕೆ ಹುಳ ಹಿಡಿದಿಲ್ಲ. ಬೆಂಡಿನ ಹೂ ಅದರ ಗೋಪುರಕ್ಕೆ ಒರಗಿಕೊಂಡಿದೆ, ಎಣ್ಣೆಯ ಹೊಗೆಗೆ ಹಳದಿಯಾಗಿದೆ.

ಸಂದು ಮುಚ್ಚಿದೆ. ಎರಡು ಕಡೆಯೂ ಗೋಡೆಗೆ ಮುಟ್ಟುತ್ತದೆ. ದಾರ ಮಾತ್ರ ಸಿಕ್ಕಿಲ್ಲ. ಹೂ ಕಟ್ಟುವ ಬಿಳಿ ದಾರ, ಎರಡು ಗಂಟು.